ನೆಲಕ್ಕೆ ನೆಲ

“ತಲೆ ಕಡೆ ಎತ್ತಿ. ಇನ್ನೂ ಸ್ವಲ್ಪ. ಈಗ ಓರೆ ಮಾಡಿ, ಓರೆ ಮಾಡಿ... ಅಯ್ಯೋ, ಗೋಡೆಗೆ ತಾಗ್ತಿದೆ!”

ಆರನೆಯ ಮಹಡಿಯಲ್ಲಿ ಕಟ್ಟಡದ ಮ್ಯಾನೇಜರು ಹೊಸ ಲಿಫ್ಟಿನ ಬಾಗಿಲಿಗೆ ಬೆನ್ನು ಕೊಟ್ಟು, ಅದು ಮುಚ್ಚಿಕೊಳ್ಳದಂತೆ ತಡೆದು ನಿಂತಿದ್ದರು. ಶವವಾಹನದ ಜೊತೆ ಬಂದಿದ್ದ ಇಬ್ಬರು ಆಳುಗಳು ಖಾಲಿ ಸ್ಟ್ರೆಚರನ್ನು ಒಳಗೆ ತೂರಿಸಲು ಹೆಣಗುತ್ತಿದ್ದರು. ಆ ಲಿಫ್ಟೋ, ನಾಲ್ಕು ಜನ ನಿಂತರೆ ಐದನೆಯವರು ಉಸಿರಾಡಲು ಅಪ್ಪಣೆ ಕೇಳಬೇಕು, ಅಷ್ಟು ಚಿಕ್ಕದು. ಹೇಗೆ ತಿರುಗಿಸಿದರೂ ಸ್ಟ್ರೆಚರು ಮೊಳದಷ್ಟು ಹೊರಗೇ ಉಳಿಯುತ್ತಿತ್ತು.

“ನೆಟ್ಟಗೆ ನಿಲ್ಲಿಸ್ಬಿಟ್ರೆ ಹಿಡಿಸುತ್ತೆ ಸಾರ್,” ಎಂದ ಆಳುಗಳಲ್ಲಿ ಹಿರಿಯವನು. “ಬೆಲ್ಟ್ ಬಿಗಿಯಾಗಿ ಕಟ್ಟಿದ್ರೆ ಜಾರಲ್ಲ. ಎಷ್ಟೋ ಕಡೆ ಹಾಗೇ ಇಳಿಸಿದೀವಿ.”

“ಯಾರನ್ನ ನಿಲ್ಲಿಸ್ತೀರಿ?”

ಮಗಳು ಅಪ್ಪ ವಾಸವಿದ್ದ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಹಿಂದೆ, ಒಳಗೆ, ಅಪ್ಪ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದ. ಸಿಟಿ ಬಸ್ಸು ಓಡಿಸುವ ಹೆಂಗಸು ಅವಳು. ದನಿ ಎತ್ತಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ನಟಿಸುವವರೂ ಎದ್ದು ಕೂರುತ್ತಾರೆ. ಈಗ ಎತ್ತಿರಲಿಲ್ಲ. ಆದರೂ ಆಳುಗಳು ಸ್ಟ್ರೆಚರನ್ನು ಕೆಳಗಿಟ್ಟರು.

“ನೋಡಮ್ಮಾ,” ಎಂದರು ಮ್ಯಾನೇಜರು ಮೆಲ್ಲಗೆ, “ಮೆಟ್ಟಿಲ ತಿರುವು ತುಂಬಾ ಇಕ್ಕಟ್ಟು. ಬೆಳಿಗ್ಗೆ ಬಟ್ಟೇಲಿ ಸುತ್ತಿ ಹೊತ್ತು ತರೋವಾಗ್ಲೇ ಎರಡು ಸಲ ಕೈ ಜಾರಿತ್ತು. ಅಲ್ಲಿ ಎತ್ಕೊಂಡು ಇಳಿಯೋಕೆ ಆಗಲ್ಲ. ಎರಡೇ ನಿಮಿಷದ ಕೆಲಸ, ನಿಲ್ಲಿಸಿ...”

“ನಮ್ಮಪ್ಪ ಏನು ಬೀರೂನಾ ಸಾರ್, ಕಟ್ಟಿ ನಿಲ್ಲಿಸೋಕೆ? ಅದೂ ಈ ಲಿಫ್ಟಲ್ಲಿ? ಇದೇ ಲಿಫ್ಟಲ್ಲಿ?”

ಮೊನ್ನೆ ಸಂಜೆ ಕರೆಂಟು ಹೋಗಿ ಬಂದಾಗ ಇದೇ ಲಿಫ್ಟು ನಾಲ್ಕನೆಯ ಮಹಡಿಯ ನೆಲಕ್ಕಿಂತ ಒಂದು ಗೇಣು ಮೇಲೆ ನಿಂತು ಬಾಗಿಲು ತೆರೆದಿತ್ತು. ಅಪ್ಪ ಅಲ್ಲಿ ಬಿದ್ದಿದ್ದ. ತಲೆ ನೆಲಕ್ಕೆ ಬಡಿದಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಬೆಳಗಿನಿಂದ ಈ ಕೋಣೆಗೆ ಬಂದವರೆಲ್ಲ ಅವಳ ಕೈ ಹಿಡಿದು, ಕಣ್ಣೊರೆಸಿಕೊಂಡು, ಹೊರಗೆ ಹೋಗಿ ಕೈಸಾಲೆಯಲ್ಲಿ ಅದೇ ಮಾತಾಡುತ್ತಿದ್ದರು. ಒಂದು ಗೇಣು ಎತ್ತರದಿಂದ ಬಿದ್ದು ಯಾರಾದ್ರೂ ಸಾಯ್ತಾರೇನ್ರೀ? ಮಕ್ಕಳು ದಿನಾ ಮಂಚದಿಂದ ಬೀಳ್ತಾವಲ್ಲ? ಅದೂ ಜೀವಮಾನವಿಡೀ ಲಿಫ್ಟು ಓಡಿಸಿದ ಮನುಷ್ಯ!

“ವಯಸ್ಸಾಗಿತ್ತಲ್ಲಮ್ಮಾ,” ಮ್ಯಾನೇಜರು ಸಮಾಧಾನ ಹೇಳಲು ಹೋದರು. “ಕಣ್ಣು ಮಂಜಾಗಿತ್ತೇನೋ, ಪಾಪ. ನೋಡ್ದೆ ಕಾಲಿಟ್ಟುಬಿಟ್ಟಿದಾರೆ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ಸತ್ತದ್ದನ್ನು ಅವಳು ಮೂರು ದಿನದಿಂದ ಹೇಗೋ ತಡೆದುಕೊಂಡಿದ್ದಳು. ಈ ಮಾತನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ. ನೋಡದೆ ಕಾಲಿಟ್ಟ ಎನ್ನುವುದು ಅಪ್ಪನ ಇಡೀ ಬಾಳಿನ ಮೇಲೆ ಮಸಿ ಬಳಿದ ಹಾಗೆ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಅದು ನಿಜವೇ ಇರಬಹುದೇನೋ ಎಂದು ಅವಳಿಗೂ ಒಳಗೊಳಗೇ ಅನಿಸುತ್ತಿತ್ತು.

ಅವಳು ಕೈಸಾಲೆಯ ಆ ಕೊನೆಗೆ ನೋಡಿದಳು. ಅಲ್ಲಿ ಜಾಲರಿ ಬಾಗಿಲಿನ ಹಳೆಯ ಲಿಫ್ಟು ಇತ್ತು. ಈಗ ಅದರಲ್ಲಿ ಜನ ಓಡಾಡುವುದಿಲ್ಲ, ಯಾವಾಗಲಾದರೊಮ್ಮೆ ಮೇಜು ಕುರ್ಚಿ ಸಾಗಿಸುತ್ತಾರೆ ಅಷ್ಟೇ. ಆದರೂ ಅಪ್ಪ ಕೆಲಸ ಬಿಟ್ಟ ಮೇಲೂ ಅದಕ್ಕೆ ಎಣ್ಣೆ ಹಾಕುವುದನ್ನು ಬಿಟ್ಟಿರಲಿಲ್ಲ.

“ಅದ್ರಲ್ಲಿ ಅಪ್ಪ ಮಲ್ಕೊಂಡೇ ಹೋಗಬಹುದು,” ಎಂದಳು.

“ಓಡಿಸೋರು ಯಾರಮ್ಮಾ? ಇದ್ದೋರು ಒಬ್ರು. ಅವರೇ ಒಳಗೆ ಮಲಗಿದಾರೆ.”

“ನಾನು ಓಡಿಸ್ತೀನಿ.”

“ಅದು ಬಸ್ಸಲ್ಲಮ್ಮಾ.” ಮ್ಯಾನೇಜರು ಒಳ್ಳೆಯವರೇ, ಆದರೆ ಹೆದರಿದ್ದರು. “ಕೆಳಗೆ ಅಷ್ಟು ಜನ ನಿಂತಿದಾರೆ. ನೀನು ಒಂದು ಗೇಣು ಮೇಲೆ ಕೆಳಗೆ ನಿಲ್ಲಿಸಿದ್ರೆ ಸ್ಟ್ರೆಚರ್ ಮಗುಚ್ಕೊಂಡ್ರೆ? ಇದೇ ಕಟ್ಟಡದಲ್ಲಿ ಇನ್ನೊಂದ್ಸಲ?”

“ಮೊದ್ಲು ಖಾಲಿ ಓಡಿಸಿ ತೋರಿಸ್ತೀನಿ. ನೆಲಕ್ಕೆ ನೆಲ ಕೂಡ್ಲಿಲ್ಲ ಅಂದ್ರೆ ನೀವು ಹೇಳಿದ ಹಾಗೇ ಮಾಡಿ. ನಾನು ಬಾಯಿ ಬಿಡಲ್ಲ.”

ಒಳಗಿನಿಂದ ಅತ್ತೆ, ಅಪ್ಪನ ತಂಗಿ, ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ ಹೊರಗೆ ಬಂದಳು. “ಮಾಡ್ಲಿ ಬಿಡಿ ಸಾರ್. ಹಟದಲ್ಲಿ ಇವಳು ಅವರಪ್ಪನ ಅಪ್ಪ. ಬೇಡ ಅಂದ್ರೆ ಸಂಜೆವರೆಗೂ ಇಲ್ಲೇ ನಿಂತಿರ್ತೀವಿ ಎಲ್ರೂ.”

*

ಈ ಕಟ್ಟಡಕ್ಕೆ ಮೊದಲು ಬಂದದ್ದು ಹಳೆಯ ಲಿಫ್ಟೇ. ಮರದ ಕೋಣೆ, ಎರಡು ಜಾಲರಿ ಬಾಗಿಲು, ಒಳಗಿನ ಗೋಡೆಯಲ್ಲಿ ಹಿತ್ತಾಳೆಯದೊಂದು ಹಿಡಿ. ಒತ್ತಲು ಗುಂಡಿಗಳಿಲ್ಲ. ಹಿಡಿಯನ್ನು ಎಡಕ್ಕೆ ತಳ್ಳಿದರೆ ಮೇಲಕ್ಕೆ, ಬಲಕ್ಕೆ ತಳ್ಳಿದರೆ ಕೆಳಕ್ಕೆ, ನಡುವಿಗೆ ತಂದರೆ, ಇಲ್ಲವೇ ಕೈ ಬಿಟ್ಟರೆ, ನಿಲ್ಲುತ್ತದೆ. ನಿಲ್ಲುತ್ತದೆ ಎಂದರೆ ಕೂಡಲೇ ಅಲ್ಲ, ಇನ್ನಷ್ಟು ಜಾರಿಕೊಂಡು ಹೋಗಿ ನಿಲ್ಲುತ್ತದೆ. ಎಷ್ಟು ಜಾರುತ್ತದೆ ಎನ್ನುವುದು ಒಳಗಿರುವ ಭಾರಕ್ಕೆ ಬಿಟ್ಟದ್ದು. ಹತ್ತಿದವರು ಸಣಕಲೋ ದಡೂತಿಯೋ, ಕೈಯಲ್ಲಿರುವುದು ಹಿಟ್ಟಿನ ಮೂಟೆಯೋ ಬರೀ ಕೊಡೆಯೋ, ಅದನ್ನು ತಿಳಿದು ಹಿಡಿ ಬಿಡಬೇಕು.

ಅಪ್ಪ, ಅಂದರೆ ಕಟ್ಟಡದವರ ಲಿಫ್ಟಣ್ಣ, ಅದನ್ನು ಕಾಲಿನಿಂದ ತಿಳಿಯುತ್ತಿದ್ದ. ಅವನಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಕರೆಯುತ್ತಿದ್ದ ಹೆಂಡತಿ ಹೋದ ಮೇಲೆ ಎಲ್ಲರಿಗೂ ಅವನು ಲಿಫ್ಟಣ್ಣನೇ. ಚಪ್ಪಲಿಯನ್ನು ಹೊರಗೆ ಬಿಟ್ಟು ಬರಿಗಾಲಲ್ಲಿ ಹಲಗೆಯ ಮೇಲೆ ನಿಲ್ಲುತ್ತಿದ್ದ. ಚಳಿ ಇರಲಿ, ನೆಗಡಿಯಾಗಿರಲಿ, ಬರಿಗಾಲೇ. “ಅಂಗಾಲಿಗೆ ಗೊತ್ತಾಗೋದು ಕಣ್ಣಿಗೆ ಗೊತ್ತಾಗಲ್ಲ,” ಎನ್ನುತ್ತಿದ್ದ.

ಬೆಳಿಗ್ಗೆ ಎದ್ದವನೇ ಹಿತ್ತಾಳೆಯ ಹಿಡಿಯನ್ನು ಮುಖ ಕಾಣುವ ಹಾಗೆ ಉಜ್ಜುತ್ತಿದ್ದ. ಉಜ್ಜುವ ಪಾಲಿಶ್ ಒಂದು ಚಪ್ಪಟೆಯಾದ ಗುಂಡನೆಯ ತಗಡಿನ ಡಬ್ಬಿಯಲ್ಲಿರುತ್ತಿತ್ತು. ಉಜ್ಜಿ ಮುಗಿದ ಮೇಲೆ ಒಂದೊಂದೇ ಮಹಡಿಯಲ್ಲಿ ಲಿಫ್ಟು ನಿಲ್ಲಿಸಿ, ಆ ಡಬ್ಬಿಯನ್ನು ಚಕ್ರದ ಹಾಗೆ ನಿಲ್ಲಿಸಿ, ಒಳಗಿನಿಂದ ಹೊರಕ್ಕೆ ಉರುಳಿಸಿಬಿಡುತ್ತಿದ್ದ. ಲಿಫ್ಟಿನ ನೆಲಕ್ಕೂ ಹೊರಗಿನ ನೆಲಕ್ಕೂ ನಡುವಿನ ಸಂದನ್ನು ಡಬ್ಬಿ ಸದ್ದಿಲ್ಲದೆ ದಾಟಿದರೆ ನೆಲಕ್ಕೆ ನೆಲ ಕೂಡಿದೆ ಎಂದರ್ಥ. ಒಂದು ಬೆರಳು ಹೆಚ್ಚುಕಡಿಮೆಯಾದರೂ ಅದು ಟಕ್ಕೆಂದು ಎಗರಿ ಮಕಾಡೆ ಬೀಳುತ್ತಿತ್ತು. ಬಿದ್ದರೆ ಲಿಫ್ಟಣ್ಣ ಡಬ್ಬಿ ಎತ್ತಿಕೊಂಡು ಇನ್ನೊಂದು ಸುತ್ತು ಹೋಗಿ ಬರುತ್ತಿದ್ದ. ಕಚೇರಿಗೆ ಹೊತ್ತಾದ ಜನ ಗೊಣಗುತ್ತಿದ್ದರು. “ಲಿಫ್ಟಣ್ಣ ಬೆಳಿಗ್ಗೆ ಬೆಳಿಗ್ಗೆ ಆಟಕ್ಕೆ ಕೂತ, ನಡೀರಿ ಮೆಟ್ಟಿಲು ಹತ್ತೋಣ!”

ಒಂದು ದಿನ ಮಗಳು, ಆಗ ಶಾಲೆಯ ಹುಡುಗಿ, ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ನೋಡಿ ನೋಡಿ ಕೇಳಿದ್ದಳು. “ಅಪ್ಪಾ, ಇಷ್ಟು ಮಾಡ್ತೀಯ. ಇಳಿಯೋರು ಒಬ್ರೂ ನಿನ್ನ ಮುಖ ಕೂಡ ನೋಡಲ್ಲ. ಮಾತಾಡ್ತಾ ಮಾತಾಡ್ತಾ ಹೊರಟೇ ಹೋಗ್ತಾರೆ.”

“ಹಾಗೇ ಹೋಗಬೇಕು ಮರಿ!” ಲಿಫ್ಟಣ್ಣನಿಗೆ ಖುಷಿಯೋ ಖುಷಿ. “ಕೆಳಗೆ ನೋಡ್ಕೊಂಡು ಇಳಿದ್ರು ಅಂದ್ರೆ ನನ್ನ ಕೈ ಮೇಲೆ ಅನುಮಾನ ಅಂತ. ನೋಡೋದು ನನ್ನ ಕೆಲಸ, ಅವರದ್ದಲ್ಲ. ಅವರು ಕೆಳಗೆ ನೋಡ್ದೆ ಇಳಿದ್ರೆ, ಅದೇ ನನಗೆ ಮೆಡಲು.”

*

ಮಗಳು ಚಪ್ಪಲಿ ಬಿಟ್ಟು ಹಳೆಯ ಲಿಫ್ಟಿನೊಳಗೆ ಕಾಲಿಟ್ಟಳು. ಸ್ಟೂಲಿನ ಕೆಳಗೆ ಪಾಲಿಶ್ ಡಬ್ಬಿ ಇದ್ದಲ್ಲೇ ಇತ್ತು. ಹಿಡಿ ಹೊಳೆಯುತ್ತಿತ್ತು, ಮೊನ್ನೆ ಬೆಳಿಗ್ಗೆಯೂ ಉಜ್ಜಿರಬೇಕು. ಅಳಲು ಹೊತ್ತಿರಲಿಲ್ಲ. ಬಾಗಿಲೆಳೆದು ಹಿಡಿಯನ್ನು ಬಲಕ್ಕೆ ತಳ್ಳಿದಳು. ಹಲಗೆ ಗುಡುಗಿತು, ಮಹಡಿಗಳು ಮೇಲಕ್ಕೆ ಸರಿದವು. ನೆಲ ಅಂತಸ್ತು ಕಂಡೊಡನೆ ಹಿಡಿ ನಡುವಿಗೆ ತಂದಳು. ಲಿಫ್ಟು ಜಾರಿ ನಿಂತಿತು.

ಬಾಗಿಲು ಸರಿಸಿ ಡಬ್ಬಿ ಉರುಳಿಸಿದಳು. ಟಕ್. ಡಬ್ಬಿ ಎಗರಿ ಕವುಚಿ ಬಿತ್ತು.

“ಮೊಟ್ಟೆರಾಯ ಸತ್ತ!” ಎಂದು ಹೊರಗೆ ಯಾರೋ ಅಂದರು.

ಅಂದವರು ಗೇಮ್ ಮಾಮ. ಈಗ ಅವರು ನೆಲಮಾಳಿಗೆಯಲ್ಲಿ ಮೊಬೈಲು ಕವರು ಮಾರುತ್ತಾರೆ. ಹಿಂದೆ ಅದೇ ಜಾಗದಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದವರು. ಮಾತು ಬಾಯಿಂದ ಜಾರಿದ ಮೇಲೆ ಅವರ ಮುಖ ಬಿಳಿಚಿಕೊಂಡಿತು. “ಅಯ್ಯಯ್ಯೋ, ತಪ್ಪಾಯ್ತಮ್ಮಾ! ಸಾವಿನ ಮನೇಲಿ ನನ್ನ ಬಾಯಿಗೆ ಬೆಂಕಿ ಬೀಳ. ಅಭ್ಯಾಸ...”

ಮಗಳು ಅವರನ್ನೇ ನೋಡಿದಳು. ಆಮೇಲೆ ಮೂರು ದಿನಗಳಲ್ಲಿ ಮೊದಲ ಸಲ ಅವಳಿಗೆ ನಗು ಬಂತು. “ಡಬ್ಬಿ ಎತ್ತಿ ಕೊಡಿ ಮಾಮ,” ಎಂದಳು. “ಮೊಟ್ಟೆರಾಯನಿಗೆ ಇನ್ನೂ ಜೀವ ಉಳಿದಿದೆ.”

*

ಗೇಮ್ ಮಾಮನ ಅಂಗಡಿಯಲ್ಲಿ ಆಗ ಬಣ್ಣಬಣ್ಣದ ಮೆಷಿನ್ನುಗಳಿದ್ದವು. ಗುಂಡು ಹಾರಿಸುವುದು, ಕಾರು ಓಡಿಸುವುದು, ಎಲ್ಲದರ ಮುಂದೆಯೂ ಸಾಲು. ಮೂಲೆಯಲ್ಲಿ ಮಾತ್ರ ಒಂದು ಮೆಷಿನ್ನು ಅನಾಥವಾಗಿ ನಿಂತಿರುತ್ತಿತ್ತು. ಎಲ್ಲರೂ ಅದನ್ನು ‘ಗುಹೆ’ ಎನ್ನುತ್ತಿದ್ದರು. ತಲೆಗೆ ದೀಪದ ಟೋಪಿ ಹಾಕಿದ ಪುಟ್ಟ ಮನುಷ್ಯನೊಬ್ಬ ಭೂಮಿಯ ಆಳಕ್ಕೆ ಇಳಿದು ತಳದಲ್ಲಿರುವ ನಿಧಿ ಮುಟ್ಟಬೇಕು, ಅಷ್ಟೇ ಆಟ. ಆದರೆ ಅವನಂಥ ಬಡಪಾಯಿ ಇನ್ನೊಬ್ಬನಿರಲಿಲ್ಲ. ಮಂಡಿಯೆತ್ತರದಿಂದ ಬಿದ್ದರೆ ಸತ್ತ. ಹಗ್ಗ ಬಿಡುವುದು ಒಂದು ಕ್ಷಣ ಹಿಂದುಮುಂದಾದರೆ ಸತ್ತ. ಮೇಲೆ ಹಾರುವ ಬಾವಲಿಯ ಹಿಕ್ಕೆ ತಲೆಗೆ ಬಿದ್ದರೂ ಸತ್ತ! ಒಡೆಯಲು ನೆಪ ಹುಡುಕುವವನು ಎಂದು ಹುಡುಗರು ಅವನಿಗೆ ಮೊಟ್ಟೆರಾಯ ಅಂತ ಹೆಸರಿಟ್ಟಿದ್ದರು. ಟೋಕನ್ ಹಾಕಿ, ಬಾಯಿಗೆ ಬಂದಂತೆ ಬೈದು, ಮೆಷಿನ್ನಿಗೆ ಒಂದು ಒದೆ ಕೊಟ್ಟು ಹೋಗುತ್ತಿದ್ದರು.

ಮಗಳು ಆ ಆಟಕ್ಕೆ ಬಿದ್ದಿದ್ದಳು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳನ್ನು ಹುಡುಕಿಕೊಂಡು ಲಿಫ್ಟಣ್ಣ ಕೆಳಗೆ ಬಂದ. ಬಂದವನು ಪರದೆ ನೋಡಿ ಅಲ್ಲೇ ನಿಂತುಬಿಟ್ಟ.

“ಅರೆ, ಇದರಲ್ಲಿ ಲಿಫ್ಟಿದೆ!”

ಇತ್ತು. ಆಟ ಶುರುವಾಗುವುದೇ ಒಂದು ಲಿಫ್ಟಿನಿಂದ. ಅದರಿಂದ ಸರಿಯಾದ ಹೊತ್ತಿಗೆ ಇಳಿಯದೆ ಹೆಚ್ಚಿನವರು ಅಲ್ಲೇ ಸಾಯುತ್ತಿದ್ದರು.

“ಬಾಗಿಲೇ ಇಲ್ಲವಲ್ಲೇ ಇದಕ್ಕೆ. ಯಾರಪ್ಪಾ ಇದಕ್ಕೆ ಲೈಸೆನ್ಸ್ ಕೊಟ್ಟೋರು?” ಎಂದು ಲಿಫ್ಟಣ್ಣ ಚಪ್ಪಲಿ ಬಿಟ್ಟು ಮೆಷಿನ್ನಿನ ಮುಂದೆ ನಿಂತ. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ವಿಡಿಯೋ ಗೇಮಿಗೆ ಚಪ್ಪಲಿ ಬಿಟ್ಟವರನ್ನು ಅವರು ಕಂಡಿರಲಿಲ್ಲ.

ಅವನು ಮೊಟ್ಟೆರಾಯನನ್ನು ಲಿಫ್ಟಿನಿಂದ ಇಳಿಸಿದ್ದು ಮಗುವನ್ನು ಕಂಕುಳಿಂದ ಇಳಿಸಿದ ಹಾಗೆ. ಅಂದಿನಿಂದ ಊಟದ ಬಿಡುವೆಲ್ಲ ಗುಹೆಯಲ್ಲೇ ಕಳೆಯಿತು. ಅವನು ಓಡುತ್ತಿರಲಿಲ್ಲ, ಹಾರುತ್ತಿರಲಿಲ್ಲ. ಪ್ರತಿ ತಗ್ಗಿನ ಅಂಚಿಗೂ ಬಂದು ನಿಂತು, ನೋಡಿ, ಮೊಟ್ಟೆರಾಯನನ್ನು ಮೆಲ್ಲಗೆ ಇಳಿಸುತ್ತಿದ್ದ. ಸತ್ತಾಗ ಮೆಷಿನ್ನಿಗೆ ಬೈಯುತ್ತಿರಲಿಲ್ಲ, “ನನ್ನದೇ ತಪ್ಪು, ನೆಲ ಕೂಡಿರಲಿಲ್ಲ” ಎನ್ನುತ್ತಿದ್ದ. ಒಂದು ದಿನ ಮಗಳು ಅಳುತ್ತ, “ಎಂಥ ಕೈಲಾಗದೋನಪ್ಪಾ ಇವನು, ಮಂಡಿಯೆತ್ತರದಿಂದ ಬಿದ್ರೂ ಸಾಯ್ತಾನೆ” ಎಂದಾಗ ಅವನಿಗೆ ನಿಜಕ್ಕೂ ಸಿಟ್ಟು ಬಂತು.

“ಕೈಲಾಗದೋನು ಅನ್ಬೇಡ. ಗುಂಡು ಬಿದ್ರೂ ಸಾಯದೇ ಇರೋರು ಗುಹೆಗಿಳಿದ್ರೆ ಅದೇನು ದೊಡ್ಡ ವಿಷಯ? ಇವನಿಗೆ ಗೊತ್ತು, ಚೂರು ತಪ್ಪಿದ್ರೂ ಸಾಯ್ತೀನಿ ಅಂತ. ಗೊತ್ತಿದ್ದೂ ಇಳೀತಾನಲ್ಲ, ಅದು ಗಂಡೆದೆ.”

ಆಮೇಲೆ ಆ ಭಾನುವಾರ ಬಂತು. ಲಿಫ್ಟಣ್ಣನ ಮೊಟ್ಟೆರಾಯ ಒಂದೇ ಜೀವ ಉಳಿಸಿಕೊಂಡು, ಊರಿನಲ್ಲಿ ಯಾರೂ ಮುಟ್ಟದ ಆಳಕ್ಕೆ ಇಳಿದಿದ್ದ. ಕಾರು, ಗುಂಡು ಎಲ್ಲ ಬಿಟ್ಟು ಹುಡುಗರು ಗುಹೆಯ ಸುತ್ತ ಸೇರಿದ್ದರು. ಗೇಮ್ ಮಾಮ ಗಲ್ಲಾ ಬಿಟ್ಟು ಬಂದು ಸ್ಟೂಲು ಹತ್ತಿ ನಿಂತಿದ್ದರು. ಪರದೆಯ ಕೆಳಮೂಲೆಯಲ್ಲಿ ನಿಧಿ ಮಿನುಗುತ್ತಿತ್ತು, ನಡುವೆ ಉಳಿದಿದ್ದುದು ಒಂದೇ ಒಂದು ತಗ್ಗು. ಆಗ ಮೇಲೆ ಲಿಫ್ಟಿನ ಗಂಟೆ ಹೊಡೆಯಿತು. ಯಾರೋ ಕಾಯುತ್ತಿದ್ದರು.

“ಇರ್ಲಿ ಬಿಡಣ್ಣಾ, ಒಂದು ನಿಮಿಷ!” ಎಂದು ಎಲ್ಲರೂ ಕೂಗಿದರು. ಲಿಫ್ಟಣ್ಣ ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದ. “ತಗೋ ಮರಿ,” ಎಂದು ಮೆಷಿನ್ನಿನ ಹಿಡಿಯನ್ನು ಮಗಳ ಕೈಗೆ ಬಿಟ್ಟು ಮೆಟ್ಟಿಲು ಹತ್ತಿ ಹೋದ.

ಮಗಳು ನಿಧಿಯನ್ನೇ ನೋಡಿದಳು. ನೋಡುತ್ತಲೇ ಹಿಡಿ ಒತ್ತಿದಳು. ಮೊಟ್ಟೆರಾಯ ಮಂಡಿಯೆತ್ತರದಿಂದ ಬಿದ್ದು ಸತ್ತ. ಇಡೀ ಅಂಗಡಿ ಒಂದೇ ಗಂಟಲಲ್ಲಿ ಅಯ್ಯೋ ಎಂದಿತು. ಆ ಅಯ್ಯೋ ಅವಳ ಕಿವಿಯಲ್ಲಿ ಇಂದಿಗೂ ಇದೆ.

ಅವಳು ಅತ್ತು ಅತ್ತು ಮೇಲೆ ಹೋದಾಗ ಲಿಫ್ಟಣ್ಣ ತಲೆ ಸವರಿ ಇಷ್ಟೇ ಹೇಳಿದ್ದ. “ನಿಧಿ ಎಲ್ಲೂ ಓಡಿಹೋಗಲ್ಲ ಮರಿ. ನೀನು ಅದನ್ನೇ ನೋಡ್ತಿದ್ದೆ. ನೋಡಬೇಕಾಗಿದ್ದು ಕಾಲನ್ನ.” ಅವನು ಮತ್ತೆ ಆಳಕ್ಕೆ ಇಳಿಯುವ ಮೊದಲೇ ಗುಹೆ ಕೆಟ್ಟುಹೋಗಿ ಗುಜರಿಗೆ ಹೋಯಿತು.

*

ಎರಡನೆಯ ಸಲ ಡಬ್ಬಿ ಸಂದಿನ ಮೇಲೆ ತುಸು ತಡವರಿಸಿ ದಾಟಿತು. ಅದರ ಮುಂದಿನ ಸಲ ತಡವರಿಸಲೂ ಇಲ್ಲ. ನೆಟ್ಟಗೆ ಉರುಳಿಕೊಂಡು ಹೋಗಿ ಮೆಟ್ಟಿಲಿಳಿದು ಬಂದಿದ್ದ ಮ್ಯಾನೇಜರ ಬೂಟಿಗೆ ತಾಗಿ ನಿಂತಿತು. ಅವರು ಬಗ್ಗಿ ಅದನ್ನು ಎತ್ತಿ ಅವಳ ಕೈಗೆ ಕೊಟ್ಟರು.

“ಖಾಲಿಗೆ ಸರಿ ಹೋಯ್ತಮ್ಮಾ,” ಎಂದರು. “ಭಾರ ಬಿದ್ಮೇಲೆ?”

ಅದೇ ಹೆದರಿಕೆ ಅವಳಿಗೂ ಇತ್ತು. ಅಷ್ಟರಲ್ಲಿ ಮುಂಬಾಗಿಲಲ್ಲಿ ಒಂದು ಕಾರು ನಿಂತು, ನಾಲ್ಕನೆಯ ಮಹಡಿಯ ಸಂಗೀತದ ಟೀಚರು ಕೋಲೂರಿಕೊಂಡು ಇಳಿದರು. ಮೊನ್ನೆ ಲಿಫ್ಟಿನಲ್ಲಿ ಅಪ್ಪನ ಜೊತೆ ಇದ್ದದ್ದು ಅವರೊಬ್ಬರೇ. ಜನ ಓಡಿ ಬಂದಾಗ ಅವರು ಅಪ್ಪನ ಪಕ್ಕ ನಿಂತು ಚೀರುತ್ತಿದ್ದರಂತೆ, ಆಮೇಲೆ ಮಾತೇ ನಿಂತುಹೋಗಿ ಅವರ ತಂಗಿ ಬಂದು ಕರೆದುಕೊಂಡು ಹೋಗಿದ್ದರಂತೆ. ಆಜಾನುಬಾಹು ಹೆಂಗಸು, ಅಪ್ಪನ ಪಕ್ಕ ನಿಂತರೆ ಅಪ್ಪ ಅವರ ಪುಸ್ತಕದ ಚೀಲ ಹೊತ್ತು ಬಂದವನ ಹಾಗೆ ಕಾಣುತ್ತಿದ್ದ.

“ಅವರನ್ನ ನೋಡಬೇಕು ನಾನು,” ಎಂದರು ಟೀಚರು. ಹೊಸ ಲಿಫ್ಟಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. “ನಿನ್ನ ಜೊತೆ ಕರ್ಕೊಂಡು ಹೋಗೇ.”

ಬಾಗಿಲು ಎಳೆದು ಅವಳು ಹಿಡಿಯನ್ನು ಎಡಕ್ಕೆ ತಳ್ಳಿದಳು. ಎರಡನೆಯ ಮಹಡಿ ದಾಟುವಾಗ ಟೀಚರು ಮೆಲ್ಲಗೆ ಕೇಳಿದರು. “ಬಾಗಿಲಲ್ಲಿ ಯಾರೋ ಅಂತಿದ್ರು, ನಿಮ್ಮಪ್ಪ ನೋಡ್ದೆ ಕಾಲಿಟ್ರು ಅಂತ. ಯಾರೇ ಹೇಳಿದ್ದು ಹಾಗಂತ?”

“ಎಲ್ರೂ ಹೇಳ್ತಿದಾರೆ ಟೀಚರ್.”

“ಎಲ್ರ ನಾಲಗೆ ಬಿದ್ಹೋಗ್ಲಿ! ನೋಡ್ದೆ ಕಾಲಿಟ್ಟಿದ್ದು ನಾನು.” ಟೀಚರು ಕೋಲನ್ನು ಹಲಗೆಗೆ ಕುಟ್ಟಿದರು. “ಫೋನಲ್ಲಿ ತಂಗಿ ಜೊತೆ ಹರಟ್ತಿದ್ದೆ. ನಿಮ್ಮಪ್ಪ ಪಕ್ಕದಲ್ಲಿದ್ರೆ ಕೆಳಗೆ ನೋಡೋದೇ ಮರ್ತುಹೋಗುತ್ತೆ ಕಣೇ, ಎಷ್ಟು ವರ್ಷದ ಅಭ್ಯಾಸ. ಕಾಲೆತ್ತಿದ್ದೆ. ರಟ್ಟೆ ಹಿಡಿದು ಎಳ್ಕೊಂಡ್ರು. ‘ತಡೀರಿ ಟೀಚರ್, ನೆಲ ಕೂಡಿಲ್ಲ’ ಅಂದ್ರು. ತಾವು ಮೊದ್ಲು ಇಳಿದ್ರು. ಕೂತ್ಕೊಂಡು, ಕೈಯೂರಿ, ಎಷ್ಟು ಹುಷಾರಾಗಿ ಇಳಿದ್ರು ಅಂತೀಯ! ಇಳಿದು ನನ್ನ ಕಡೆ ತಿರುಗಿ ಎರಡೂ ಕೈ ಚಾಚಿದ್ರು.”

ಮೂರನೆಯ ಮಹಡಿ ಕೆಳಗೆ ಸರಿಯಿತು.

“ಕೋಲು ಜಾರ್ತು. ನನ್ನ ಗಾತ್ರ ನೋಡು. ಇಡೀ ಭಾರ ಅವರ ಮೇಲೆ ಬಿತ್ತು. ಕೈ ಬಿಟ್ಟಿದ್ರೆ ನಾನೇ ಹೋಗ್ತಿದ್ದೆ. ಬಿಡ್ಲಿಲ್ಲ ಕಣೇ. ನನ್ನ ಎರಡೂ ಕಾಲು ನೆಲಕ್ಕೆ ಮುಟ್ಟೋವರೆಗೂ ಬಿಡ್ಲಿಲ್ಲ. ನಾನು ನೆಟ್ಟಗೆ ನಿಂತ್ಮೇಲೆ ಅವರು ಹಿಂದಕ್ಕೆ ಬಿದ್ರು.”

ಹಿಂದಕ್ಕೆ. ಅಪ್ಪನ ಪೆಟ್ಟು ಹಿಂದಲೆಗೆ ಬಿದ್ದಿತ್ತು. ಆಸ್ಪತ್ರೆಯಲ್ಲಿ ಅವಳೇ ಕಂಡಿದ್ದಳು, ಕಂಡೂ ಏನೆಂದು ತಿಳಿದಿರಲಿಲ್ಲ. ನೋಡದೆ ಕಾಲಿಟ್ಟವನು ಮುಂದಕ್ಕೆ ಬೀಳುತ್ತಾನೆ. ಅಪ್ಪ ನೋಡಿದ್ದ. ನೋಡಿ, ಗೊತ್ತಿದ್ದೂ, ಇಳಿದಿದ್ದ. ಅವಳ ಎದೆಯೊಳಗೆ ಮೂರು ದಿನದಿಂದ ಕೂತಿದ್ದ ಕಲ್ಲು ಸರಿಯಿತು, ಸರಿದ ಜಾಗದಲ್ಲಿ ಅಳುವೂ ಹೆಮ್ಮೆಯೂ ಒಟ್ಟಿಗೆ ನುಗ್ಗಿ ಬಂದವು.

ಅವಳು ಹಿಡಿ ಬಿಟ್ಟಿದ್ದಳು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತ್ತು.

“ಅತ್ತುಬಿಡು,” ಎಂದರು ಟೀಚರು, ತಾವೂ ಅಳುತ್ತ. “ಇಲ್ಲಿಗೆ ಯಾರೂ ಬರಲ್ಲ. ಮೇಲೆ ಹೋದ್ಮೇಲೆ ನಾನಿದನ್ನ ಎಲ್ರಿಗೂ ಕೂಗಿ ಹೇಳಬೇಕು, ಅಷ್ಟರೊಳಗೆ ಮುಗಿಸ್ಕೋ.”

ಕೂಗಿಯೇ ಹೇಳಿದರು. ಆರನೆಯ ಮಹಡಿಯ ಕೈಸಾಲೆಯಲ್ಲಿ, ಹಾಡು ಕಲಿಸುವ ಗಂಟಲಿನಲ್ಲಿ, ಒಂದು ಮಾತೂ ಬಿಡದೆ ಹೇಳಿದರು. ಮೆಟ್ಟಿಲು ಹತ್ತಿ ಬಂದ ಮ್ಯಾನೇಜರು ಅರ್ಧ ಕೇಳಿ ಗೋಡೆಗೊರಗಿದರು. “ನಾನು ಎಂಥ ಮಾತಾಡಿಬಿಟ್ಟೆ,” ಎಂದು ಹಣೆ ಒತ್ತಿಕೊಂಡರು. ಅತ್ತೆ ಒಳಗೆ ಓಡಿ ಅಣ್ಣನ ಕಿವಿಯ ಬಳಿ ಬಾಗಿ, “ಕೇಳಿಸ್ತೇನೋ? ಕೇಳಿಸ್ತಾ?” ಎಂದು ಕೇಳಿದಳು.

*

ಸ್ಟ್ರೆಚರು ಹಳೆಯ ಲಿಫ್ಟಿನೊಳಗೆ ಉದ್ದಕ್ಕೆ, ಮಲಗಿದ ಹಾಗೇ ಹಿಡಿಯಿತು. ಎರಡೂ ಬದಿಗೆ ಆಳುಗಳು ನಿಂತರು. ಟೀಚರು ಬಾಗಿಲ ಬಳಿ ಕೋಲೂರಿ ನಿಂತರು. ಮೆಟ್ಟಿಲಲ್ಲಿ ಬನ್ನಿ ಎಂದರೆ ಕೇಳಲಿಲ್ಲ. ಮಗಳು ಬರಿಗಾಲಲ್ಲಿ ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಳು. ಅಲ್ಲಿ ಹಲಗೆ ಸವೆದು ಎರಡು ಪಾದದಗಲ ತಗ್ಗಾಗಿತ್ತು.

ಹಿಡಿ ಬಲಕ್ಕೆ. ಲಿಫ್ಟು ನರಳಿತು, ಇಳಿಯತೊಡಗಿತು. ಭಾರ ಬೇರೆಯೇ ಇತ್ತು. ಖಾಲಿಯಿದ್ದಾಗ ಕಚಗುಳಿಯಿಟ್ಟಂತೆ ನಡುಗುತ್ತಿದ್ದ ಹಲಗೆ ಈಗ ಗಂಭೀರವಾಗಿ ಗುನುಗುತ್ತಿತ್ತು. ಖಾಲಿಯಲ್ಲಿ ಕಲಿತದ್ದೆಲ್ಲ ಇಲ್ಲಿ ಉಪಯೋಗಕ್ಕೆ ಬಾರದು ಎಂದು ಅವಳಿಗೆ ತಿಳಿದುಹೋಯಿತು.

ಒಂದೊಂದು ಮಹಡಿಯಲ್ಲೂ ಜಾಲರಿಯಾಚೆ ಜನ ನಿಂತಿದ್ದರು. ದರ್ಜಿ ಟೇಪನ್ನು ಕೊರಳಿನಿಂದ ತೆಗೆದು ಕೈಯಲ್ಲಿ ಹಿಡಿದಿದ್ದ. ಹಲ್ಲಿನ ಡಾಕ್ಟರು ಬಾಯಿಗೆ ಹತ್ತಿ ತುರುಕಿಕೊಂಡ ರೋಗಿಯನ್ನೂ ಕರೆದುಕೊಂಡು ಬಂದು ನಿಂತಿದ್ದರು. ಎಷ್ಟೋ ವರ್ಷ ಈ ಲಿಫ್ಟಿನಿಂದ ಮಾತಾಡುತ್ತ ಇಳಿದುಹೋದವರು ಅವರು, ಇವತ್ತು ತಿರುಗಿ ನೋಡಲು ಬಂದಿದ್ದರು. ಟೀಚರ ಮಾತು ಮೆಟ್ಟಿಲಿಳಿದು ಅವರನ್ನೆಲ್ಲ ಮುಟ್ಟಿತ್ತು. ಅವಳಿಗೆ ಬಸ್ಸಿನ ಹಾರನ್ನು ಹೊಡೆದು ಇಡೀ ಊರಿಗೆ ಹೇಳಬೇಕೆನಿಸಿತು, ಇವನು ನಮ್ಮಪ್ಪ ಎಂದು.

ನೆಲ ಅಂತಸ್ತಿನ ಬೆಳಕು ಜಾಲರಿಯ ಕೆಳಗಿನಿಂದ ಏರಿ ಬಂತು. ಮೊದಲು ತಲೆಗಳು ಕಂಡವು. ಗೇಮ್ ಮಾಮ ಎಲ್ಲರಿಗಿಂತ ಮುಂದೆ, ಎರಡೂ ಕೈ ಬಾಯಿಗೆ ಒತ್ತಿ ನಿಂತಿದ್ದರು. ಅವರ ಹಿಂದೆ ಗಡ್ಡ ನರೆತ, ಹೊಟ್ಟೆ ಬಂದ ನಾಲ್ಕಾರು ಗಂಡಸರು. ಆ ಭಾನುವಾರ ಗುಹೆಯ ಸುತ್ತ ನಿಂತಿದ್ದ ಹುಡುಗರು. ಆ ಅಯ್ಯೋ ಎಲ್ಲರ ಗಂಟಲಲ್ಲಿ ಕಾದು ಕುಳಿತಂತಿತ್ತು.

ಅವಳು ಅವರನ್ನು ನೋಡುವುದನ್ನು ಬಿಟ್ಟಳು. ಕಣ್ಣು ಮುಚ್ಚಿ ಅಂಗಾಲಿಗೆ ಮನಸ್ಸು ಕೊಟ್ಟಳು. ಹಲಗೆಯ ಗುನುಗು ಹಿಮ್ಮಡಿಯಿಂದ ಬೆರಳಿಗೆ ಬಂತು. ಈಗಲ್ಲ. ಈಗಲೂ ಅಲ್ಲ. ಈಗ. ಹಿಡಿಯನ್ನು ನಡುವಿಗೆ ತಂದಳು. ಲಿಫ್ಟು ಜಾರಿತು, ಇನ್ನೂ ಜಾರಿತು, ಸಾಕಾಗಿ ಕೂತವರಂತೆ ನಿಂತಿತು.

ಆಳು ಬಾಗಿಲೆಳೆದ. ಮಗಳು ಕಣ್ಣು ಬಿಟ್ಟು, ಸ್ಟೂಲಿನ ಕೆಳಗೆ ಕೈ ಹಾಕಿ ಪಾಲಿಶ್ ಡಬ್ಬಿ ತೆಗೆದಳು. ಅದನ್ನು ಚಕ್ರದ ಹಾಗೆ ನಿಲ್ಲಿಸಿದಳು.

“ಸ್ವಲ್ಪ ಜಾಗ ಬಿಡ್ರಪ್ಪಾ! ಲಿಫ್ಟಣ್ಣ ಬರ್ತಿದಾರೆ, ಆ ಬಾಗಿಲು ಪೂರ್ತಿ ತೆಗೀರಿ!”

ಅವಳು ತಲೆಯೆತ್ತಿದಳು. ಟೀಚರು ಆಗಲೇ ಹೊರಗಿದ್ದರು. ಸಂದು ದಾಟಿ ನಾಲ್ಕು ಹೆಜ್ಜೆ ಹೋಗಿ, ಕೋಲೆತ್ತಿ ಮುಂಬಾಗಿಲು ತೋರಿಸುತ್ತ, ಜನರನ್ನು ಗದರಿಸುತ್ತ ನಡೆಯುತ್ತಿದ್ದರು. ಕೆಳಗೆ ನೋಡಿರಲೇ ಇಲ್ಲ.